ಕಿವಿಯೇ ಪತ್ತೇದಾರ

ಬೂಟಿನ ಸಪ್ಪಳ, ಕಿರ್ರೆನ್ನುವ ಬಾಗಿಲು, ಒಂದು ಗುಂಡಿನ ಶಬ್ದ. ಪತ್ತೇದಾರಿ ನಾಟಕ ಕಟ್ಟಲು ರೇಡಿಯೋಕ್ಕೆ ಇಷ್ಟೇ ಸಾಕಿತ್ತು. ಕೊಲೆಗಾರನ ಮುಖ ಕಾಣದು. ಪತ್ತೇದಾರನ ಜತೆ ಕೇಳುಗನೂ ಕತ್ತಲಲ್ಲೇ ತಡಕಾಡಬೇಕು.

ಫ್ರಾನ್ಸಿಸ್ ಡರ್‌ಬ್ರಿಜ್ ಸೃಷ್ಟಿಸಿದ ಪಾಲ್ ಟೆಂಪಲ್ 1938ರಲ್ಲೇ ಬಿಬಿಸಿಗೆ ಬಂದಿದ್ದ. ಅಮೆರಿಕದಲ್ಲಿ ‘ಡ್ರ್ಯಾಗ್ನೆಟ್’ 1949ರಲ್ಲಿ ಆರಂಭವಾಯಿತು. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯವರು ಕಿವಿಗೊಟ್ಟ ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ರಂದು. ಅಲ್ಲಿ ರೇಡಿಯೋ ನಾಟಕಕ್ಕೆ ಹೆಸರು ತಂದವರು ಎನ್ಕೆ ಕುಲಕರ್ಣಿ.

ಕನ್ನಡದ ಪತ್ತೇದಾರ ಮಾತ್ರ ಹೆಚ್ಚಾಗಿ ಬೆಳೆದದ್ದು ಪುಸ್ತಕದಲ್ಲಿ. ಎನ್. ನರಸಿಂಹಯ್ಯನವರ ‘ಪತ್ತೇದಾರ ಪುರುಷೋತ್ತಮ’ 1952ರಲ್ಲಿ ಬಂತು. ಆದರೆ ಪುಸ್ತಕಕ್ಕೆ ಅಕ್ಷರ ಬೇಕು. ಅಕ್ಷರ ಬಾರದವರಿಗೂ, ಕರೆಂಟಿಲ್ಲದ ಮನೆಗೂ ಕತೆ ಮುಟ್ಟಿಸಿದ್ದು ಬ್ಯಾಟರಿಯ ಟ್ರಾನ್ಸಿಸ್ಟರ್.

1967ರಲ್ಲಿ ಜಾಹೀರಾತಿಗೆ ಬಾಗಿಲು ತೆರೆದ ವಿವಿಧ ಭಾರತಿಯಲ್ಲಿ ಮುಂದೆ ಹಿಂದಿಯ ‘ಇನ್ಸ್‌ಪೆಕ್ಟರ್ ಈಗಲ್’ ಬಂದ. ದನಿ ವಿನೋದ್ ಶರ್ಮಾ ಅವರದು, ಹಣ ಈಗಲ್ ಫ್ಲಾಸ್ಕ್ ಕಂಪನಿಯದು. ಪತ್ತೇದಾರನಿಗೆ ಚಹಾದ ಫ್ಲಾಸ್ಕಿನ ಹೆಸರು! ಮರಾಠಿಯೂ ಬೆರೆತ ಈ ಗಡಿಸೀಮೆಯ ಕಿವಿಗೆ ಹಿಂದಿ ತೊಡಕೇನೂ ಆಗಿರಲಿಕ್ಕಿಲ್ಲ.

ಇಂಥ ನಾಟಕಗಳಿಗೆ ನಿಜವಾದ ಶತ್ರು ಟೇಪಿನ ಬೆಲೆ. ಒಂದು ಕಾರ್ಯಕ್ರಮ ಅಳಿಸಿ ಅದರ ಮೇಲೆ ಇನ್ನೊಂದನ್ನು ಮುದ್ರಿಸುವುದು ರೇಡಿಯೋ ಕೇಂದ್ರಗಳ ರೂಢಿಯಾಗಿತ್ತು. ಪಾಲ್ ಟೆಂಪಲ್‌ನ ಹಲವು ಸರಣಿಗಳೂ ಹೀಗೆ ಕಳೆದುಹೋದವು. ಉಳಿದಿದ್ದ ಹಸ್ತಪ್ರತಿ ಹಿಡಿದು ಬಿಬಿಸಿ 2006ರಿಂದ ಅವುಗಳಲ್ಲಿ ಕೆಲವನ್ನು ಹಳೆಯ ಧಾಟಿಯಲ್ಲೇ ಮತ್ತೆ ಆಡಿಸಿತು. ಧಾರವಾಡದ ನಾಟಕಗಳ ಹಸ್ತಪ್ರತಿಗಳನ್ನೂ ಹೀಗೆ ಹುಡುಕಿ ತೆಗೆಯುವ ಕೆಲಸ ಆಗಬೇಕು; ಅವನ್ನು ಕೇಳಿ ಬೆಳೆದವರು ಊರೂರಲ್ಲಿ ಇನ್ನೂ ಇದ್ದಾರೆ.