ಋತುಬಂಧದ ಲಕ್ಷಣಗಳ ನಿರ್ವಹಣೆ

ಋತುಬಂಧ ಎಂದರೆ ಅಂಡಾಶಯಗಳ ಕಾರ್ಯ ಕ್ರಮೇಣ ಕುಗ್ಗಿ, ಮಹಿಳೆಯ ಮಾಸಿಕ ಋತುಸ್ರಾವವು ಶಾಶ್ವತವಾಗಿ ನಿಲ್ಲುವ ಸ್ಥಿತಿ. ಆಡುಮಾತಿನಲ್ಲಿ ಇದನ್ನು ‘ಮುಟ್ಟು ನಿಲ್ಲುವುದು’ ಎನ್ನುತ್ತಾರೆ. ಗರ್ಭಧಾರಣೆ, ಎದೆಹಾಲೂಡಿಕೆ, ಔಷಧ ಅಥವಾ ಬೇರೆ ಕಾಯಿಲೆಯ ಕಾರಣವಿಲ್ಲದೆ ಸತತವಾಗಿ 12 ತಿಂಗಳು ಮುಟ್ಟಾಗದಿದ್ದರೆ ಋತುಬಂಧವಾಗಿದೆ ಎಂದು ಪರಿಗಣಿಸಲಾಗುತ್ತದೆ. ಇದು ರೋಗವಲ್ಲ, ಆದರೆ ಇದರೊಂದಿಗೆ ಬರುವ ತೊಂದರೆಗಳು ಕೆಲವರಲ್ಲಿ ತೀವ್ರವಾಗಿದ್ದು, ಅವುಗಳಿಗೆ ಪರಿಣಾಮಕಾರಿ ಚಿಕಿತ್ಸೆಗಳಿವೆ. ಯಾವ ಚಿಕಿತ್ಸೆ ಸೂಕ್ತ ಎಂಬುದು ಮಹಿಳೆಯ ವಯಸ್ಸು, ಮುಟ್ಟು ನಿಂತು ಕಳೆದ ವರ್ಷಗಳು, ಗರ್ಭಕೋಶ ಇದೆಯೇ ಇಲ್ಲವೇ ಎಂಬುದು ಹಾಗೂ ಇತರ ಕಾಯಿಲೆಗಳನ್ನು ಅವಲಂಬಿಸಿದೆ. ಕರ್ನಾಟಕದ ಗ್ರಾಮೀಣ ಪ್ರದೇಶಗಳಲ್ಲಿ, ಉದಾಹರಣೆಗೆ ಕೋಲಾರ ಜಿಲ್ಲೆ ಶ್ರೀನಿವಾಸಪುರ ತಾಲ್ಲೂಕಿನ ಗೌನಿಪಲ್ಲಿಯ ಸುತ್ತಮುತ್ತ, ಆಹಾರ, ಕುಡಿಯುವ ನೀರು ಮತ್ತು ಶಸ್ತ್ರಚಿಕಿತ್ಸೆಯ ನಿರ್ಧಾರಗಳೂ ಈ ವಿಷಯದಲ್ಲಿ ಮುಖ್ಯವಾಗುತ್ತವೆ.

ವಯಸ್ಸು ಮತ್ತು ಹಂತಗಳು

ಜಗತ್ತಿನಾದ್ಯಂತ ಹೆಚ್ಚಿನ ಮಹಿಳೆಯರಲ್ಲಿ 45ರಿಂದ 55 ವರ್ಷಗಳ ನಡುವೆ ಋತುಬಂಧವಾಗುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಸರಾಸರಿ ವಯಸ್ಸು ಸುಮಾರು 51. ಭಾರತದಲ್ಲಿ ಅದು ಸುಮಾರು 46–47. ನಲವತ್ತು ವರ್ಷಕ್ಕೆ ಮೊದಲೇ ಅಂಡಾಶಯಗಳ ಕಾರ್ಯ ನಿಲ್ಲುವುದನ್ನು ಅಕಾಲಿಕ ಋತುಬಂಧವೆಂದೂ, 40–45ರ ನಡುವೆ ನಿಲ್ಲುವುದನ್ನು ಬೇಗನೆ ಆಗುವ ಋತುಬಂಧವೆಂದೂ ಕರೆಯಲಾಗುತ್ತದೆ.

ಮುಟ್ಟು ಪೂರ್ಣವಾಗಿ ನಿಲ್ಲುವ ಮುನ್ನ ಕೆಲವು ವರ್ಷಗಳ ಪರಿವರ್ತನಾ ಅವಧಿ ಇರುತ್ತದೆ. ಆಗ ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟರಾನ್ ಹಾರ್ಮೋನುಗಳ ಪ್ರಮಾಣ ಏರಿಳಿಯುವುದರಿಂದ ಮುಟ್ಟಿನ ಅಂತರ ಕಡಿಮೆಯಾಗಬಹುದು, ಹೆಚ್ಚಬಹುದು, ಸ್ರಾವ ಅಧಿಕವಾಗಬಹುದು. ಈ ಅವಧಿಯಲ್ಲಿ ಗರ್ಭಧಾರಣೆಯ ಸಾಧ್ಯತೆ ಇನ್ನೂ ಇರುತ್ತದೆ. ಆದ್ದರಿಂದ ಕೊನೆಯ ಮುಟ್ಟಿನ ನಂತರ, 50 ವರ್ಷದೊಳಗಿನವರು ಎರಡು ವರ್ಷ ಮತ್ತು 50 ದಾಟಿದವರು ಒಂದು ವರ್ಷ ಗರ್ಭನಿರೋಧಕ ಕ್ರಮವನ್ನು ಮುಂದುವರಿಸಬೇಕೆಂದು ಸಲಹೆ ನೀಡಲಾಗುತ್ತದೆ.

ಲಕ್ಷಣಗಳು

- ಮುಖ, ಕತ್ತು ಮತ್ತು ಎದೆಯ ಭಾಗ ಇದ್ದಕ್ಕಿದ್ದಂತೆ ಬಿಸಿಯೇರುವುದು, ರಾತ್ರಿ ಬೆವರುವುದು
- ನಿದ್ರಾಭಂಗ, ಆಯಾಸ, ಮರೆವು, ಏಕಾಗ್ರತೆಯ ಕೊರತೆ
- ಸಿಡುಕು, ಆತಂಕ, ಖಿನ್ನತೆ
- ಕೀಲು ಮತ್ತು ಸ್ನಾಯುಗಳ ನೋವು
- ಯೋನಿಯ ಒಣಗುವಿಕೆ, ಲೈಂಗಿಕ ಸಂಪರ್ಕದಲ್ಲಿ ನೋವು, ಪದೇ ಪದೇ ಮೂತ್ರದ ಸೋಂಕು

ಬಿಸಿಯೇರುವಿಕೆ ಕೆಲವು ತಿಂಗಳುಗಳಲ್ಲಿ ತಾನಾಗಿಯೇ ಹೋಗುತ್ತದೆಂಬ ನಂಬಿಕೆ ಇದೆ. ಅಮೆರಿಕದಲ್ಲಿ ಮಧ್ಯವಯಸ್ಸಿನ ಮಹಿಳೆಯರನ್ನು ದೀರ್ಘಕಾಲ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪದೇ ಪದೇ ಈ ತೊಂದರೆಯಾಗುತ್ತಿದ್ದವರಲ್ಲಿ ಅದರ ಮಧ್ಯಮ ಅವಧಿ 7.4 ವರ್ಷ ಎಂದು ಕಂಡುಬಂದಿತು. ಯೋನಿ ಮತ್ತು ಮೂತ್ರಾಂಗದ ತೊಂದರೆಗಳು ಚಿಕಿತ್ಸೆಯಿಲ್ಲದೆ ಸಾಮಾನ್ಯವಾಗಿ ಕಡಿಮೆಯಾಗುವುದಿಲ್ಲ, ವಯಸ್ಸಾದಂತೆ ಹೆಚ್ಚುತ್ತವೆ.

ರೋಗನಿರ್ಣಯ

ನಲವತ್ತೈದು ದಾಟಿದ ಮಹಿಳೆಯಲ್ಲಿ ವಯಸ್ಸು, ಮುಟ್ಟಿನ ವಿವರ ಮತ್ತು ಲಕ್ಷಣಗಳಿಂದಲೇ ಋತುಬಂಧವನ್ನು ಗುರುತಿಸಬಹುದು; ಹಾರ್ಮೋನಿನ ರಕ್ತಪರೀಕ್ಷೆ ಸಾಮಾನ್ಯವಾಗಿ ಅಗತ್ಯವಿಲ್ಲ. ನಲವತ್ತರೊಳಗೆ ಮುಟ್ಟು ನಿಂತರೆ ಮಾತ್ರ ಪರೀಕ್ಷೆಗಳು ಅನಿವಾರ್ಯ.

ಎಲ್ಲ ತೊಂದರೆಗಳನ್ನೂ ಋತುಬಂಧದ ಲೆಕ್ಕಕ್ಕೆ ಬರೆಯುವುದು ಅಪಾಯಕಾರಿ. ಥೈರಾಯ್ಡ್ ದೋಷದಲ್ಲೂ ಬೆವರು, ಎದೆಬಡಿತ ಮತ್ತು ಆಯಾಸ ಇರುತ್ತವೆ. ರಾತ್ರಿ ಬೆವರಿನೊಂದಿಗೆ ತೂಕ ಇಳಿಕೆ, ಜ್ವರ ಅಥವಾ ಎರಡು ವಾರ ಮೀರಿದ ಕೆಮ್ಮು ಇದ್ದರೆ ಕ್ಷಯರೋಗದ ಪರೀಕ್ಷೆ ಮಾಡಿಸಬೇಕು. ಅಧಿಕ ರಕ್ತಸ್ರಾವ ಇರುವವರಲ್ಲಿ ಆಯಾಸಕ್ಕೆ ರಕ್ತಹೀನತೆಯೇ ಕಾರಣವಾಗಿರಬಹುದು.

ಹಾರ್ಮೋನು ಚಿಕಿತ್ಸೆ

ಇತಿಹಾಸ

ಗರ್ಭಿಣಿ ಕುದುರೆಗಳ ಮೂತ್ರದಿಂದ ಪಡೆದ ಈಸ್ಟ್ರೊಜೆನ್ ಮಾತ್ರೆಗೆ ಅಮೆರಿಕದಲ್ಲಿ 1942ರಲ್ಲಿ ಅನುಮತಿ ದೊರೆಯಿತು. ಮುಂದಿನ ದಶಕಗಳಲ್ಲಿ ಇದನ್ನು ಯೌವನ ಉಳಿಸುವ ಔಷಧವೆಂದು ಪ್ರಚಾರ ಮಾಡಲಾಯಿತು. ಗರ್ಭಕೋಶ ಇರುವ ಮಹಿಳೆಯರು ಈಸ್ಟ್ರೊಜೆನ್ ಒಂದನ್ನೇ ಸೇವಿಸಿದರೆ ಗರ್ಭಕೋಶದ ಒಳಪೊರೆಯ ಕ್ಯಾನ್ಸರ್ ಹೆಚ್ಚುತ್ತದೆಂದು 1975ರಲ್ಲಿ ವರದಿಯಾದ ಮೇಲೆ, ಅದರೊಂದಿಗೆ ಪ್ರೊಜೆಸ್ಟರಾನ್ ವರ್ಗದ ಔಷಧವನ್ನು ಸೇರಿಸುವ ಕ್ರಮ ಬಂದಿತು.

ಅಮೆರಿಕದ ‘ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್’ ಪ್ರಯೋಗದ ಒಂದು ವಿಭಾಗದಲ್ಲಿ 16,608 ಮಹಿಳೆಯರಿದ್ದರು. ಅದನ್ನು 2002ರ ಜುಲೈನಲ್ಲಿ ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. ಎರಡೂ ಹಾರ್ಮೋನು ಸೇವಿಸಿದ 10,000 ಮಹಿಳೆಯರಲ್ಲಿ ವರ್ಷಕ್ಕೆ ಸುಮಾರು 8 ಸ್ತನ ಕ್ಯಾನ್ಸರ್, 7 ಹೃದಯಾಘಾತದಂತಹ ಘಟನೆ ಹಾಗೂ 8 ಪಾರ್ಶ್ವವಾಯು ಪ್ರಕರಣಗಳು ಹೆಚ್ಚಾಗಿದ್ದವು. ಸೊಂಟದ ಮೂಳೆ ಮುರಿತ 5ರಷ್ಟು ಕಡಿಮೆಯಾಗಿತ್ತು. ಈ ಸುದ್ದಿಯಿಂದ ಜಗತ್ತಿನಾದ್ಯಂತ ಹಾರ್ಮೋನು ಬಳಕೆ ತೀವ್ರವಾಗಿ ಕುಸಿಯಿತು.

ಆದರೆ ಪ್ರಯೋಗದಲ್ಲಿದ್ದವರ ಸರಾಸರಿ ವಯಸ್ಸು 63 ಆಗಿದ್ದು, ಅನೇಕರಿಗೆ ಮುಟ್ಟು ನಿಂತು ಹತ್ತು ವರ್ಷ ಕಳೆದಿತ್ತು. ಗರ್ಭಕೋಶ ಇಲ್ಲದೆ ಈಸ್ಟ್ರೊಜೆನ್ ಒಂದನ್ನೇ ಪಡೆದವರ ವಿಭಾಗದಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಲಿಲ್ಲ. ವಯಸ್ಸಿನ ಪ್ರಕಾರ ನಡೆದ ಮರುಪರಿಶೀಲನೆಗಳ ನಂತರ ಅಭಿಪ್ರಾಯ ಬದಲಾಯಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2025ರ ನವೆಂಬರಿನಲ್ಲಿ, ಈ ಔಷಧಗಳ ಮೇಲಿದ್ದ ಹೃದ್ರೋಗ, ಸ್ತನ ಕ್ಯಾನ್ಸರ್ ಮತ್ತು ಮರೆವಿನ ರೋಗದ ಕುರಿತ ಚೌಕಟ್ಟಿನ ಎಚ್ಚರಿಕೆಯನ್ನು ತೆಗೆಯುವ ಕ್ರಮ ಪ್ರಕಟಿಸಿತು.

ಯಾರಿಗೆ ಸೂಕ್ತ

ಬಿಸಿಯೇರುವಿಕೆ ಮತ್ತು ರಾತ್ರಿ ಬೆವರಿಗೆ ಅತ್ಯಂತ ಪರಿಣಾಮಕಾರಿ ಔಷಧ ಈಸ್ಟ್ರೊಜೆನ್. ಅರವತ್ತು ವರ್ಷದೊಳಗಿರುವ ಅಥವಾ ಋತುಬಂಧವಾಗಿ ಹತ್ತು ವರ್ಷ ಮೀರದ, ಬೇರೆ ಅಡ್ಡಿಯಿಲ್ಲದ ಮಹಿಳೆಯರಲ್ಲಿ ಸಾಮಾನ್ಯವಾಗಿ ಲಾಭವು ಅಪಾಯಕ್ಕಿಂತ ಹೆಚ್ಚು ಎಂಬುದು ಇಂದಿನ ತಜ್ಞಾಭಿಪ್ರಾಯ. ಗರ್ಭಕೋಶ ಇರುವವರಿಗೆ ಎರಡೂ ಹಾರ್ಮೋನುಗಳನ್ನು, ಇಲ್ಲದವರಿಗೆ ಸಾಮಾನ್ಯವಾಗಿ ಈಸ್ಟ್ರೊಜೆನ್ ಮಾತ್ರವನ್ನು ನೀಡಲಾಗುತ್ತದೆ. ಚರ್ಮಕ್ಕೆ ಹಚ್ಚುವ ಜೆಲ್ ಅಥವಾ ಪಟ್ಟಿಯ ರೂಪದಲ್ಲಿ ಕೊಟ್ಟಾಗ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರೆಗಿಂತ ಕಡಿಮೆ. ಅಕಾಲಿಕ ಋತುಬಂಧವಾದವರಿಗೆ, ಅಡ್ಡಿಯಿಲ್ಲದಿದ್ದರೆ, ಸಹಜ ಋತುಬಂಧದ ವಯಸ್ಸಿನವರೆಗೂ ಹಾರ್ಮೋನು ಕೊಡುವುದು ಶಿಫಾರಸಾಗಿದೆ. ಅವರಲ್ಲಿ ಚಿಕಿತ್ಸೆ ಪಡೆಯದಿರುವುದೇ ಮೂಳೆ ಮತ್ತು ಹೃದಯಕ್ಕೆ ಹೆಚ್ಚು ಹಾನಿಕರ.

ಯೋನಿಯ ಒಣಗುವಿಕೆ ಮಾತ್ರ ಇರುವವರಿಗೆ ಅಲ್ಲಿಗೇ ಹಚ್ಚುವ ಕಡಿಮೆ ಪ್ರಮಾಣದ ಈಸ್ಟ್ರೊಜೆನ್ ಮುಲಾಮು ಸಾಕಾಗುತ್ತದೆ. ಇದು ರಕ್ತಕ್ಕೆ ಅತ್ಯಲ್ಪವಾಗಿ ಸೇರುತ್ತದೆ.

ಯಾರಿಗೆ ಸೂಕ್ತವಲ್ಲ

ಸ್ತನ ಕ್ಯಾನ್ಸರ್ ಇರುವವರು ಅಥವಾ ಹಿಂದೆ ಇದ್ದವರು, ಕಾರಣ ತಿಳಿಯದ ಯೋನಿ ರಕ್ತಸ್ರಾವ ಇರುವವರು, ಕಾಲು ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದವರು, ಹೃದಯಾಘಾತ ಅಥವಾ ಪಾರ್ಶ್ವವಾಯುವಿಗೆ ಒಳಗಾದವರು ಹಾಗೂ ಸಕ್ರಿಯ ಯಕೃತ್ತಿನ ರೋಗ ಇರುವವರಿಗೆ ಈ ಚಿಕಿತ್ಸೆಯನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಚಿಕಿತ್ಸೆಗೆ ಮೊದಲು ರಕ್ತದೊತ್ತಡ, ಸಕ್ಕರೆ, ತೂಕ ಮತ್ತು ಸ್ತನಗಳ ತಪಾಸಣೆ ನಡೆಯಬೇಕು. ಹೃದ್ರೋಗ ತಡೆಯುವುದಕ್ಕೆಂದೇ ಇದನ್ನು ಬಳಸುವುದಿಲ್ಲ.

ಹಾರ್ಮೋನೇತರ ಚಿಕಿತ್ಸೆ

ಖಿನ್ನತೆಗೆ ಬಳಸುವ ವೆನ್ಲಾಫ್ಯಾಕ್ಸಿನ್, ಪ್ಯಾರಾಕ್ಸೆಟಿನ್ ಮತ್ತು ನರಸಂಬಂಧಿ ಔಷಧವಾದ ಗ್ಯಾಬಾಪೆಂಟಿನ್ ಬಿಸಿಯೇರುವಿಕೆಯನ್ನು ಒಂದು ಮಟ್ಟಿಗೆ ತಗ್ಗಿಸುತ್ತವೆ. ಸ್ತನ ಕ್ಯಾನ್ಸರಿಗೆ ಟ್ಯಾಮಾಕ್ಸಿಫೆನ್ ಸೇವಿಸುವವರು ಪ್ಯಾರಾಕ್ಸೆಟಿನ್ ಬಳಸಬಾರದು. ಅದು ಟ್ಯಾಮಾಕ್ಸಿಫೆನ್ನಿನ ಪರಿಣಾಮವನ್ನು ಕುಂದಿಸಬಲ್ಲದು. ಮಿದುಳಿನ ಉಷ್ಣ ನಿಯಂತ್ರಣ ಕೇಂದ್ರದ ಮೇಲೆ ನೇರವಾಗಿ ಕೆಲಸ ಮಾಡುವ ಫೆಜೋಲಿನೆಟಾಂಟ್ ಎಂಬ ಔಷಧಕ್ಕೆ ಅಮೆರಿಕದಲ್ಲಿ 2023ರಲ್ಲಿ ಅನುಮತಿ ದೊರೆಯಿತು. ಇದನ್ನು ಸೇವಿಸುವವರು ಯಕೃತ್ತಿನ ಪರೀಕ್ಷೆ ಮಾಡಿಸಿಕೊಳ್ಳಬೇಕು. ಯೋಚನೆ ಮತ್ತು ವರ್ತನೆಯನ್ನು ತಿದ್ದುವ ಆಪ್ತ ಸಮಾಲೋಚನಾ ವಿಧಾನವು ನಿದ್ರಾಭಂಗಕ್ಕೂ ಬಿಸಿಯೇರುವಿಕೆಯ ಸಂಕಟಕ್ಕೂ ಉಪಯುಕ್ತ.

ಸೋಯಾದಂತಹ ಸಸ್ಯಜನ್ಯ ಈಸ್ಟ್ರೊಜೆನ್‌ಗಳ ಪರಿಣಾಮ ಅಲ್ಪ. ಶತಾವರಿ ಮೊದಲಾದ ಮೂಲಿಕೆಗಳ ಬಗ್ಗೆ ದೃಢವಾದ ವೈಜ್ಞಾನಿಕ ಆಧಾರ ಇನ್ನೂ ಸಾಲದು. ಒಳಗೆ ಏನಿದೆ ಎಂಬ ವಿವರವನ್ನೇ ಮುದ್ರಿಸದ ಪುಡಿ ಮತ್ತು ಗುಳಿಗೆಗಳಲ್ಲಿ ಸ್ಟೀರಾಯ್ಡ್ ಅಥವಾ ಭಾರಲೋಹಗಳು ಬೆರೆತಿರುವ ಸಾಧ್ಯತೆಯಿರುವುದರಿಂದ ಅವುಗಳನ್ನು ಬಳಸದಿರುವುದು ಕ್ಷೇಮ.

ಅಧಿಕ ರಕ್ತಸ್ರಾವ ಮತ್ತು ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆ

ಪರಿವರ್ತನಾ ಅವಧಿಯ ಅಧಿಕ ರಕ್ತಸ್ರಾವಕ್ಕೆ ಗರ್ಭಕೋಶವನ್ನು ತೆಗೆಸಿಬಿಡುವುದೇ ಪರಿಹಾರವೆಂದು ಭಾರತದಲ್ಲಿ ಅನೇಕ ಮಹಿಳೆಯರಿಗೆ ಹೇಳಲಾಗುತ್ತದೆ. ‘ಮಕ್ಕಳಾದ ಮೇಲೆ ಅದರ ಉಪಯೋಗವಿಲ್ಲ’, ‘ಬಿಟ್ಟರೆ ಕ್ಯಾನ್ಸರ್ ಆಗುತ್ತದೆ’ ಎಂಬ ಮಾತುಗಳೂ ಪ್ರಚಲಿತ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ಪ್ರಕಾರ ದೇಶದಲ್ಲಿ 15–49 ವಯಸ್ಸಿನ ಮಹಿಳೆಯರಲ್ಲಿ ಸುಮಾರು ಶೇ. 3ರಷ್ಟು ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದಾರೆ. ನೆರೆಯ ಆಂಧ್ರಪ್ರದೇಶ ಮತ್ತು ತೆಲಂಗಾಣಗಳಲ್ಲಿ ಈ ಪ್ರಮಾಣ ಅದರ ಎರಡು ಪಟ್ಟಿಗಿಂತಲೂ ಹೆಚ್ಚು. ಬಹುಪಾಲು ಶಸ್ತ್ರಚಿಕಿತ್ಸೆಗಳು ಖಾಸಗಿ ಆಸ್ಪತ್ರೆಗಳಲ್ಲಿ ನಡೆದಿವೆ. ಕರ್ನಾಟಕದಲ್ಲೂ 2015ರ ಸುಮಾರಿಗೆ ಕಲಬುರಗಿ ಜಿಲ್ಲೆಯಲ್ಲಿ, ವಿಶೇಷವಾಗಿ ಲಂಬಾಣಿ ತಾಂಡಾಗಳ ಮಹಿಳೆಯರಿಗೆ, ಅನಗತ್ಯವಾಗಿ ಈ ಶಸ್ತ್ರಚಿಕಿತ್ಸೆ ಮಾಡಲಾಗಿದೆ ಎಂಬ ದೂರುಗಳು ಬಂದು ತನಿಖೆ ನಡೆಯಿತು.

ಬಿಹಾರ, ಛತ್ತೀಸ್‌ಗಢ ಮತ್ತು ರಾಜಸ್ಥಾನಗಳ ಇಂತಹ ಪ್ರಕರಣಗಳ ಕುರಿತ ಅರ್ಜಿಯ ವಿಚಾರಣೆ ನಡೆಸಿದ ಸರ್ವೋಚ್ಚ ನ್ಯಾಯಾಲಯವು 2023ರ ಏಪ್ರಿಲ್ 5ರಂದು, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ ರೂಪಿಸಿದ ಮಾರ್ಗಸೂಚಿಗಳನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳುವಂತೆ ಎಲ್ಲ ರಾಜ್ಯಗಳಿಗೆ ನಿರ್ದೇಶಿಸಿತು.

ಗರ್ಭಕೋಶದೊಂದಿಗೆ ಎರಡೂ ಅಂಡಾಶಯಗಳನ್ನು ತೆಗೆದರೆ ಆ ದಿನವೇ ಋತುಬಂಧವಾಗುತ್ತದೆ. ಲಕ್ಷಣಗಳು ಸಹಜ ಋತುಬಂಧಕ್ಕಿಂತ ತೀವ್ರವಾಗಿರುತ್ತವೆ. ಅಂಡಾಶಯಗಳನ್ನು ಉಳಿಸಿದರೂ ಅವುಗಳ ಕಾರ್ಯ ಸ್ವಲ್ಪ ಬೇಗನೆ ಕುಂದಬಹುದು. ಕ್ಯಾನ್ಸರ್ ಅಥವಾ ಔಷಧಕ್ಕೆ ಬಗ್ಗದ ದೊಡ್ಡ ಗಡ್ಡೆಗಳಂತಹ ಸಂದರ್ಭಗಳಲ್ಲಿ ಈ ಶಸ್ತ್ರಚಿಕಿತ್ಸೆ ಅಗತ್ಯವೇ ಹೌದು. ಉಳಿದವರಲ್ಲಿ ಮೊದಲು ಪರಿಶೀಲಿಸಬೇಕಾದ ಪರ್ಯಾಯಗಳಿವೆ:

- ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಮ್ಲದ ಮಾತ್ರೆ
- ಪ್ರೊಜೆಸ್ಟರಾನ್ ವರ್ಗದ ಮಾತ್ರೆಗಳು
- ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಅಭಿವೃದ್ಧಿಪಡಿಸಿದ ಆರ್ಮೆಲಾಕ್ಸಿಫೆನ್
- ಗರ್ಭಕೋಶದೊಳಗೆ ಇರಿಸುವ, ಹಾರ್ಮೋನು ಒಸರುವ ವಂಕಿ

ಮೂಳೆಗಳ ಆರೋಗ್ಯ ಮತ್ತು ಕೋಲಾರ ಜಿಲ್ಲೆ

ಋತುಬಂಧದ ನಂತರದ 5–7 ವರ್ಷಗಳಲ್ಲಿ ಮಹಿಳೆಯ ಮೂಳೆ ಸಾಂದ್ರತೆ ಶೇ. 20ರವರೆಗೂ ಕುಸಿಯಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನ ಪ್ರಕಾರ ಈ ಹಂತದ ಮಹಿಳೆಗೆ ದಿನಕ್ಕೆ 1,200 ಮಿ.ಗ್ರಾಂ ಕ್ಯಾಲ್ಸಿಯಂ ಬೇಕು. ಕೋಲಾರ ಜಿಲ್ಲೆಯ ನಿತ್ಯದ ಆಹಾರವಾದ ರಾಗಿಯು ಇದಕ್ಕೆ ಅನುಕೂಲಕರ: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದೆ. ಅದೆಲ್ಲವೂ ದೇಹಕ್ಕೆ ದಕ್ಕುವುದಿಲ್ಲ; ರಾಗಿಯನ್ನು ಮೊಳಕೆ ಕಟ್ಟಿ ಬಳಸಿದರೆ ಹೀರಿಕೆ ಉತ್ತಮಗೊಳ್ಳುತ್ತದೆ. ಹಾಲು, ಮೊಸರು, ಎಳ್ಳು ಮತ್ತು ನುಗ್ಗೆಸೊಪ್ಪು ಇತರ ಮೂಲಗಳು. ಹಸು ಸಾಕುವ ಮನೆಗಳಲ್ಲಿಯೂ ಹಾಲೆಲ್ಲವೂ ಡೇರಿಗೆ ಹೋಗಿ, ಮನೆಯಾಕೆಗೆ ಉಳಿಯದೆ ಇರುವುದು ಗಮನಿಸಬೇಕಾದ ಸಂಗತಿ. ನಡಿಗೆ, ಭಾರ ಎತ್ತುವ ವ್ಯಾಯಾಮ ಮತ್ತು ವಿಟಮಿನ್ ‘ಡಿ’ ಸಹ ಮೂಳೆಗೆ ಅವಶ್ಯಕ.

ಗೌನಿಪಲ್ಲಿಯು ಆಂಧ್ರಪ್ರದೇಶದ ಗಡಿಗೆ ಸಮೀಪದಲ್ಲಿದ್ದು, ಇಲ್ಲಿ ಕನ್ನಡ ಮತ್ತು ತೆಲುಗು ಎರಡೂ ಬಳಕೆಯಲ್ಲಿವೆ. ಜಿಲ್ಲೆಯ ಹಲವೆಡೆ ಆಳದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ಅಧಿಕ. ಕುಡಿಯುವ ನೀರಿನಲ್ಲಿ ಇದು ಲೀಟರಿಗೆ 1.5 ಮಿ.ಗ್ರಾಂ ಮೀರಬಾರದು. ದೀರ್ಘಕಾಲ ಅಧಿಕ ಫ್ಲೋರೈಡ್ ಸೇವನೆಯಿಂದ ಕೀಲು ಮತ್ತು ಬೆನ್ನಿನ ನೋವು, ಬಿಗಿತ ಉಂಟಾಗುತ್ತವೆ. ಇವು ಋತುಬಂಧದ ಕೀಲುನೋವನ್ನೇ ಹೋಲುತ್ತವೆ. ಇಂತಹವರ ಮೂಳೆಯು ಸಾಂದ್ರತೆ ಪರೀಕ್ಷೆಯಲ್ಲಿ ಗಟ್ಟಿಯಾಗಿ ಕಂಡರೂ ನಿಜದಲ್ಲಿ ಪೆಡಸಾಗಿರಬಹುದು. ಆದ್ದರಿಂದ ಕುಡಿಯುವ ನೀರಿನ ಮೂಲ ಯಾವುದೆಂಬುದನ್ನು ವೈದ್ಯರಿಗೆ ತಿಳಿಸುವುದು ಉಪಯುಕ್ತ. ನೀರನ್ನು ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ.

ಲಭ್ಯ ಸೇವೆಗಳು

ಪ್ರಾಥಮಿಕ ತಪಾಸಣೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ತಾಲ್ಲೂಕು ಆಸ್ಪತ್ರೆಗಳಲ್ಲಿ ಮಾಡಿಸಬಹುದು. ಜಿಲ್ಲಾ ಕೇಂದ್ರವಾದ ಕೋಲಾರದಲ್ಲಿ ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆಯೂ, ಟಮಕದಲ್ಲಿ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಇವೆ. ರಾಜ್ಯ ಸರ್ಕಾರದ ‘ಗೃಹ ಆರೋಗ್ಯ’ ಯೋಜನೆಯು 2024ರ ಅಕ್ಟೋಬರಿನಲ್ಲಿ ಕೋಲಾರ ಜಿಲ್ಲೆಯಲ್ಲಿಯೇ ಪ್ರಾಯೋಗಿಕವಾಗಿ ಆರಂಭವಾಯಿತು. ಇದರಡಿ 30 ದಾಟಿದವರ ಮನೆಗೇ ಆರೋಗ್ಯ ಸಿಬ್ಬಂದಿ ಬಂದು ರಕ್ತದೊತ್ತಡ, ಮಧುಮೇಹ ಮತ್ತು ಕೆಲವು ಕ್ಯಾನ್ಸರುಗಳ ಪ್ರಾಥಮಿಕ ತಪಾಸಣೆ ನಡೆಸುತ್ತಾರೆ. ಹಾರ್ಮೋನು ಚಿಕಿತ್ಸೆಯ ನಿರ್ಧಾರಕ್ಕೂ ಈ ಮಾಹಿತಿ ನೆರವಾಗುತ್ತದೆ.

ತಡಮಾಡದೆ ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

- ಮುಟ್ಟು ನಿಂತು ಒಂದು ವರ್ಷವಾದ ಮೇಲೆ ಒಂದು ಹನಿಯಷ್ಟಾದರೂ ರಕ್ತ ಕಾಣಿಸಿಕೊಂಡರೆ. ‘ಮುಟ್ಟು ಮರಳಿತು’ ಎಂದು ಭಾವಿಸುವುದು ತಪ್ಪು. ಇದು ಗರ್ಭಕೋಶದ ಕ್ಯಾನ್ಸರಿನ ಮೊದಲ ಸೂಚನೆಯಾಗಿರಬಹುದು.
- ಸ್ತನದಲ್ಲಿ ಗಂಟು ಅಥವಾ ಮೊಲೆತೊಟ್ಟಿನಿಂದ ರಕ್ತ ಕಂಡರೆ.
- ಹಾರ್ಮೋನು ಸೇವಿಸುವಾಗ ಒಂದು ಕಾಲು ಊದಿಕೊಂಡರೆ, ಎದೆನೋವು, ಉಸಿರುಗಟ್ಟುವಿಕೆ ಅಥವಾ ಮಾತಿನ ತೊದಲು ಉಂಟಾದರೆ.
- ನಲವತ್ತು ವರ್ಷದೊಳಗೆ ಮುಟ್ಟು ನಿಂತರೆ.
- ಬದುಕೇ ಬೇಡವೆನಿಸುವಷ್ಟು ಖಿನ್ನತೆ ಇದ್ದರೆ.

ಗರ್ಭಕೋಶ ತೆಗೆಯಬೇಕೆಂದು ಸಲಹೆ ದೊರೆತಾಗ, ತುರ್ತು ಸ್ಥಿತಿ ಇಲ್ಲದಿದ್ದರೆ, ಕಾರಣವೇನು, ಪರ್ಯಾಯಗಳೇನು, ಅಂಡಾಶಯಗಳನ್ನು ಉಳಿಸಲಾಗುವುದೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಪಡೆದು ಮತ್ತೊಬ್ಬ ಸ್ತ್ರೀರೋಗ ತಜ್ಞರ ಅಭಿಪ್ರಾಯ ಕೇಳುವುದು ಸೂಕ್ತ. ಶಸ್ತ್ರಚಿಕಿತ್ಸೆಯಾದವರು ಏನನ್ನು ತೆಗೆಯಲಾಗಿದೆ ಎಂಬ ದಾಖಲೆಯನ್ನೂ ತೆಗೆದ ಭಾಗದ ಪ್ರಯೋಗಾಲಯ ವರದಿಯನ್ನೂ ಜೋಪಾನವಾಗಿ ಇಟ್ಟುಕೊಳ್ಳಬೇಕು. ಮುಂದಿನ ಎಲ್ಲ ಚಿಕಿತ್ಸೆಯ ನಿರ್ಧಾರಕ್ಕೂ ಅವೇ ಆಧಾರ. ಅಕ್ಟೋಬರ್ 18ನ್ನು ವಿಶ್ವ ಋತುಬಂಧ ದಿನವನ್ನಾಗಿ ಆಚರಿಸಲಾಗುತ್ತದೆ.