ಮೀನು ವಿಮಾನವೇರಿದ ಬಗೆ

ಹುಡುಗನಾಗಿದ್ದಾಗ ಒಮ್ಮೆ ಮಲ್ಲಾಘಟ್ಟದ ಕೆರೆಯಲ್ಲಿ ಮೀನಿನ ಮರಿಗಳನ್ನು ಹಿಡಿದು, ತೋಟದ ತೊಟ್ಟಿಯಲ್ಲಿ ಸಾಕುವ ಆಸೆಯಿಂದ ಸಂಪಿಗೆಗೆ ಹೊರಟೆ. ಬಸ್ಸಿನಲ್ಲಿ ನೀರು ತುಳುಕಿ ಪಕ್ಕದವರ ಕೊಬ್ಬರಿ ಚೀಲ ನೆನೆದರೆ ಬೈಗುಳ ತಪ್ಪದೆಂದು ಹೆದರಿ, ಡಬ್ಬಿಯ ಕಂಠದವರೆಗೂ ನೀರು ತುಂಬಿ ಮುಚ್ಚಳವನ್ನು ಬಿಗಿಯಾಗಿ ಒತ್ತಿದೆ. ಊರು ಸೇರಿ ತೆರೆದರೆ ಎಲ್ಲವೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. “ಮೀನಿಗೂ ಉಸಿರು ಬೇಡವೇನೋ?” ಎಂದರು ನಮ್ಮಜ್ಜಿ. ಆ ಮಾತು ಇಂದಿಗೂ ಚುಚ್ಚುತ್ತದೆ.

ಈಗ ಮೊಮ್ಮಗಳಿಗೆ ದೆಹಲಿಯಲ್ಲಿ ಕೆಲಸ. “ತಾತ, ನನ್ನ ಆರು ಮೀನುಗಳನ್ನೂ ವಿಮಾನದಲ್ಲಿ ಒಯ್ಯುವುದು ಹೇಗೆ?” ಎಂದು ಕೇಳಿದಳು. ಹಳೆಯ ಅಪರಾಧಿಯಾದ ನಾನು ಈ ವಿದ್ಯೆಯ ಚರಿತ್ರೆಯನ್ನೇ ಹುಡುಕಿಕೊಂಡು ಕುಳಿತೆ.

ಹಿಂದೆ ಬಂಗಾಳದಿಂದ ಮೀನುಮರಿಗಳು ರೈಲಿನಲ್ಲಿ ಮಣ್ಣಿನ ಗಡಿಗೆಗಳಲ್ಲಿ ಹೋಗುತ್ತಿದ್ದವು. ಗಡಿಗೆಯ ಬಾಯಿ ತೆರೆದೇ ಇರಬೇಕು. ಜೊತೆಗೆ ಹೋದವನು ನೀರನ್ನು ಕುಲುಕುತ್ತಲೇ ಇರಬೇಕು. ಕಲ್ಮಷ ತಳಕ್ಕಿಳಿಯಲೆಂದು ಒಂದಿಷ್ಟು ಕೆಮ್ಮಣ್ಣನ್ನೂ ಹಾಕುತ್ತಿದ್ದರು. ಓದು ಬಾರದ ಆ ಜನ ಕಂಡುಕೊಂಡದ್ದು ನನ್ನ ಡಬ್ಬಿಗೆ ಹೊಳೆದಿರಲಿಲ್ಲ.

ಸೊಳ್ಳೆಯ ಮರಿ ತಿನ್ನುವ ಗ್ಯಾಂಬೂಸಿಯಾ ಮೀನು ಇಟಲಿಯಿಂದ ನಮ್ಮ ದೇಶಕ್ಕೆ ಬಂದದ್ದು 1928ರಲ್ಲಿ. ಮಲೇರಿಯಾ ತಡೆಯಲೆಂದು ಅದನ್ನು ಬೆಂಗಳೂರಿನ ಲಾಲ್‌ಬಾಗಿನ ಕೆರೆಗೆ ಬಿಟ್ಟರು. ಲಂಡನ್ನಿನಿಂದ ಕರಾಚಿಗೆ ವಿಮಾನ ಸಂಚಾರ ಆರಂಭವಾದದ್ದೇ 1929ರಲ್ಲಿ. ಅದಕ್ಕೆ ಮೊದಲೇ ಇಷ್ಟು ದೂರ ಬಂದ ಈ ಪುಟ್ಟ ಮೀನು ಗಟ್ಟಿಜೀವವೇ ಸರಿ.

ಆಕಾಶಮಾರ್ಗದ ಕಥೆ 1936ರದು. ಅಮೆಜಾನ್ ಪ್ರದೇಶದ ನಿಯಾನ್ ಟೆಟ್ರಾ ಎಂಬ ಹೊಳೆಯುವ ಮೀನುಗಳು ಕೆಲವನ್ನು ಜರ್ಮನಿಯಿಂದ ಅಮೆರಿಕಕ್ಕೆ ಹಿಂಡನ್‌ಬರ್ಗ್ ವಾಯುನೌಕೆಯಲ್ಲಿ ಕಳುಹಿಸಿದರು. ಷಿಕಾಗೋದ ಶೆಡ್ ಮತ್ಸ್ಯಾಲಯದಲ್ಲಿ ಕೊನೆಗೆ ಉಳಿದದ್ದು ಒಂದೇ. 1927ರಲ್ಲಿ ಒಂಟಿಯಾಗಿ ಅಟ್ಲಾಂಟಿಕ್ ದಾಟಿದ ಲಿಂಡ್‌ಬರ್ಗ್‌ನ ನೆನಪಿಗೆ ಅದನ್ನು ‘ಲೋನ್ಲಿ ಲಿಂಡಿ’ ಎಂದು ಕರೆದರು. ಪಾಪ, ಹೆಸರು ಬಂದದ್ದು ಜೊತೆಗಾರರು ಸತ್ತುದರಿಂದ!

ಎಲ್ಲವನ್ನೂ ಬದಲಿಸಿದ್ದು ಎರಡನೆಯ ಮಹಾಯುದ್ಧದ ನಂತರ ಬಳಕೆಗೆ ಬಂದ ಪಾಲಿಥೀನ್ ಚೀಲ. ಮೂರರಲ್ಲಿ ಒಂದು ಪಾಲು ನೀರು, ಉಳಿದ ಜಾಗಕ್ಕೆ ಸಿಲಿಂಡರಿನಿಂದ ಆಮ್ಲಜನಕ, ಆಮೇಲೆ ಬಾಯಿ ಬಿಗಿಯಾಗಿ ಕಟ್ಟುವುದು. ನಾನು ಮಾಡಿದ್ದೂ ಬಾಯಿ ಕಟ್ಟುವುದೇ ಅಲ್ಲವೆ! ಆದರೆ ನೀರಿನಲ್ಲಿ ಕರಗಿರುವ ಆಮ್ಲಜನಕ ಬಲು ಸ್ವಲ್ಪ. ಮೇಲಿನ ಖಾಲಿ ಜಾಗದಿಂದ ಅದು ಇಳಿಯುತ್ತಲೇ ಇರಬೇಕು. ನಾನು ಆ ಜಾಗವನ್ನೇ ಉಳಿಸಿರಲಿಲ್ಲ.

ಹೊರಡುವ ಹಿಂದಿನ ದಿನವೇ ಮೇವು ನಿಲ್ಲಿಸಬೇಕು. ತಿಂದ ಮೀನಿನ ಮಲದಿಂದ ಅಮೋನಿಯಾ ಏರಿ ನೀರೇ ವಿಷವಾಗುತ್ತದೆ. ಮೇಲೆ ಹಾರಿದಾಗ ಒತ್ತಡ ಕಡಿಮೆಯಾಗಿ ಚೀಲ ಉಬ್ಬುವುದರಿಂದ ಅದನ್ನು ಬಿರಿಯುವಷ್ಟು ತುಂಬಬಾರದು. ಚೀಲದ ಮೇಲೊಂದು ಚೀಲ, ಹೊರಗೆ ಥರ್ಮಾಕೋಲ್ ಪೆಟ್ಟಿಗೆ. ಕತ್ತಲೆಯಲ್ಲಿ ಮೀನು ಗಾಬರಿಯಾಗದು, ನೀರಿನ ಬಿಸುಪೂ ಥಟ್ಟನೆ ಬದಲಾಗದು. ಒಪ್ಪುತ್ತಾರೆಯೇ ಎಂದು ವಿಮಾನ ಸಂಸ್ಥೆಯನ್ನು ಮೊದಲೇ ಕೇಳಬೇಕು. ಒಂದೊಂದರದೂ ಒಂದೊಂದು ಕಟ್ಟಳೆ. ಮುಟ್ಟಿದ ಮೇಲೆ ಕಟ್ಟು ಬಿಚ್ಚದೆ ಕಾಲು ಗಂಟೆಯಾದರೂ ಚೀಲವನ್ನು ಹೊಸ ನೀರಿನಲ್ಲಿ ತೇಲಬಿಟ್ಟು, ಎರಡೂ ನೀರಿನ ಬಿಸುಪು ಸಮವಾದ ಮೇಲೆ ಬಿಡಬೇಕು.

ಮೊಮ್ಮಗಳು ಸರಕಿನ ವಿಭಾಗದಲ್ಲಿ ಪೆಟ್ಟಿಗೆ ಕಳುಹಿಸಿದಳು. ಆ ರಾತ್ರಿ ನನಗೆ ನಿದ್ದೆಯಿಲ್ಲ. ಬೆಳಗ್ಗೆ ಫೋನ್ ಬಂತು: ಐದು ಈಜುತ್ತಿವೆ, ಒಂದು ದಾರಿಯಲ್ಲೇ ಹೋಯಿತಂತೆ.