ಕಲಿಸಿದ್ದು ಶೇ 90ರಷ್ಟು ನೆನಪಿರುತ್ತದೆಯೇ? ಪಿರಮಿಡ್ ಚಿತ್ರದ ಅಸಲಿಯತ್ತು

‘ಓದಿದ್ದು ಶೇ 10, ಇತರರಿಗೆ ಕಲಿಸಿದ್ದು ಶೇ 90ರಷ್ಟು ನೆನಪಿರುತ್ತದೆ’ ಎನ್ನುವ ಪಿರಮಿಡ್ ಚಿತ್ರವನ್ನು ನಾವೆಲ್ಲ ವಾಟ್ಸ್‌ಆಪ್‌ನಲ್ಲಿ ನೋಡಿದ್ದೇವೆ. ಇದು ನಿಜವೇ?

ಅಲ್ಲ. ಈ ಅಂಕಿಗಳಿಗೆ ಸಂಶೋಧನೆಯ ಆಧಾರವಿಲ್ಲ. ಇವನ್ನು ಅಮೆರಿಕದ ಎಡ್ಗರ್ ಡೇಲ್ ಹೆಸರಿಗೆ ಅಂಟಿಸುತ್ತಾರೆ. ಆದರೆ 1946ರಲ್ಲಿ ಅವರು ಪ್ರಕಟಿಸಿದ ಚಿತ್ರದಲ್ಲಿ ಶೇಕಡಾವಾರು ಲೆಕ್ಕವೇ ಇರಲಿಲ್ಲ.

ಹಾಗಂತ ಬರೀ ಉಪನ್ಯಾಸ ಸಾಕೇ? ಸಾಲದು. ವಿಜ್ಞಾನ, ಎಂಜಿನಿಯರಿಂಗ್, ಗಣಿತ ಪದವಿ ತರಗತಿಗಳ 225 ಅಧ್ಯಯನಗಳನ್ನು 2014ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಬರೀ ಉಪನ್ಯಾಸ ಕೇಳಿದವರಲ್ಲಿ ಸುಮಾರು ಶೇ 34, ಚರ್ಚೆ, ಚಟುವಟಿಕೆ ಇದ್ದ ತರಗತಿಗಳಲ್ಲಿ ಸುಮಾರು ಶೇ 22 ಮಂದಿ ಫೇಲಾಗಿದ್ದರು.

ತರಗತಿಯಲ್ಲಿ ಏನು ಮಾಡಬಹುದು?

• ಪ್ರಶ್ನೆ ಕೇಳಿ, ಮೊದಲು ಪ್ರತಿಯೊಬ್ಬರೂ ಉತ್ತರ ಬರೆಯಲಿ. ನಂತರ ಪಕ್ಕದವರೊಂದಿಗೆ ಚರ್ಚಿಸಲಿ. ಬೀದರ್‌ನ ಮೈಲೂರದಂಥ ಕಡೆ ಪಠ್ಯ ಇಂಗ್ಲಿಷಿನಲ್ಲಿದ್ದರೂ ಈ ಚರ್ಚೆ ಕನ್ನಡ, ಉರ್ದು, ಮರಾಠಿ, ತೆಲುಗಿನಲ್ಲಿ ನಡೆಯಲಿ. ಹಿಂದಿನ ಬೆಂಚಿನವರೂ ಬಾಯಿ ಬಿಡುತ್ತಾರೆ.

• ಕೊನೆಯ 5 ನಿಮಿಷ ಪುಸ್ತಕ ಮುಚ್ಚಿಸಿ, ನೆನಪಿದ್ದದ್ದನ್ನು ಬರೆಸಿ. 2006ರ ಒಂದು ಪ್ರಯೋಗದಲ್ಲಿ ಹೀಗೆ ಬರೆದವರಿಗೆ ವಾರದ ನಂತರ ಶೇ 56, ಮತ್ತೆ ಓದಿದವರಿಗೆ ಶೇ 42ರಷ್ಟು ನೆನಪಿತ್ತು.

ಒಟ್ಟಿನಲ್ಲಿ: ಪಿರಮಿಡ್‌ನ ಅಂಕಿಗಳು ಸುಳ್ಳು, ವಿದ್ಯಾರ್ಥಿಗಳ ಕೈಯಲ್ಲಿ ಮಾಡಿಸಿದರೆ ಕಲಿಕೆ ಹೆಚ್ಚುವುದು ನಿಜ. ಆ ಚಿತ್ರ ಮತ್ತೆ ಬಂದರೆ ಫಾರ್ವರ್ಡ್ ಮಾಡಬೇಡಿ, ಈ ಎರಡು ವಿಧಾನ ತಿಳಿಸಿ.